ರಾಜ್ಯದ ಸಾಲ ಮತ್ತು ಕೊರತೆ ಇಳಿಸುವ ಕಷ್ಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು. ಪ್ರತಿ ಮಾರ್ಚ್‌ನಲ್ಲಿ, ರಾಜ್ಯ ಬಜೆಟ್ ಬಂದ ವಾರ, ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಊರಿಗೆ ಹೋದರೆ ಅಕ್ಕ ಕೇಳುತ್ತಾಳೆ. ಆ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಅಂಕಿಗಳು ಬಹುಪಾಲು 2025-26ರ ಬಜೆಟ್ ಅಂದಾಜಿನವು. ವರ್ಷದ ಕೊನೆಗೆ ಇವು ಸ್ವಲ್ಪ ಆಚೀಚೆ ಆಗುತ್ತವೆ.

ಕರ್ನಾಟಕದ ಮೇಲೆ ಒಟ್ಟು ಎಷ್ಟು ಸಾಲ ಇದೆ?

2026ರ ಮಾರ್ಚ್ ಕೊನೆಗೆ 7,64,655 ಕೋಟಿ ರೂಪಾಯಿ ಆಗುತ್ತದೆ ಎಂದು ಆ ಬಜೆಟ್ ಹೇಳಿತ್ತು. ಜನಸಂಖ್ಯೆ ಸುಮಾರು 7 ಕೋಟಿ ಅಂದುಕೊಂಡು ಭಾಗಿಸಿದರೆ ತಲೆಗೆ 1 ಲಕ್ಷದ 9 ಸಾವಿರ. "ಹುಟ್ಟಿದ ಕೂಸಿನ ಮೇಲೂ ಲಕ್ಷ ರೂಪಾಯಿ ಸಾಲ" ಅಂತ ಭಾಷಣಗಳಲ್ಲಿ ಕೇಳುತ್ತೀರಲ್ಲ, ಅದು ಈ ಲೆಕ್ಕ. ಲೆಕ್ಕ ಸರಿಯೇ. ಆದರೆ ಆ ದುಡ್ಡಿನಿಂದ ಕಟ್ಟಿದ ರಸ್ತೆ, ಅಣೆಕಟ್ಟು, ಆಸ್ಪತ್ರೆಯೂ ಅದೇ ಕೂಸಿಗೆ ಸೇರುತ್ತದೆ. ಭಾಷಣದಲ್ಲಿ ಆ ಅರ್ಧ ಮಾತು ಬಿಟ್ಟುಹೋಗುತ್ತದೆ.

ಸಾಲ ದೊಡ್ಡದೋ ಚಿಕ್ಕದೋ ಅಂತ ನೋಡಲು ಅದನ್ನು ದುಡಿಮೆಯ ಪಕ್ಕದಲ್ಲಿಡಬೇಕು. ಇಡೀ ರಾಜ್ಯದಲ್ಲಿ ಒಂದು ವರ್ಷಕ್ಕೆ ಆಗುವ ಉತ್ಪಾದನೆಯನ್ನು ಜಿಎಸ್‌ಡಿಪಿ ಅನ್ನುತ್ತಾರೆ. ಈ ಸಾಲ ಅದರ 24.91%. ವರ್ಷಕ್ಕೆ ನಾಲ್ಕು ಲಕ್ಷ ದುಡಿಯುವ ಮನೆಗೆ ಒಂದು ಲಕ್ಷ ಸಾಲ ಇದ್ದ ಹಾಗೆ. ಹೀಗೆ ಹೇಳಿದರೆ ಸಮಾಧಾನ ಆಗುತ್ತದೆ. ಆದರೆ ರಾಜ್ಯದ ದುಡಿಮೆಯೆಲ್ಲ ಸರ್ಕಾರದ ಕೈಗೆ ಬರುವುದಿಲ್ಲ. ಸರ್ಕಾರಕ್ಕೆ ತೆರಿಗೆ, ಶುಲ್ಕ, ಕೇಂದ್ರದ ಪಾಲು ಸೇರಿ ಬರುವ ಆದಾಯಕ್ಕೆ ರಾಜಸ್ವ ಅನ್ನುತ್ತಾರೆ. 2025-26ಕ್ಕೆ ಅದು 2,92,477 ಕೋಟಿ. ಅದರ ಪಕ್ಕದಲ್ಲಿಟ್ಟರೆ ಸಾಲ ಎರಡೂವರೆ ಪಟ್ಟಿಗಿಂತ ಜಾಸ್ತಿ. ನಾನು ಮಕ್ಕಳಿಗೆ ಎರಡು ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಒಂದನ್ನೇ ತೋರಿಸಿದರೆ ಹೆದರಿಸಿದ ಹಾಗೆ, ಇಲ್ಲವೇ ಮರೆಮಾಚಿದ ಹಾಗೆ ಆಗುತ್ತದೆ.

ಕೊರತೆ, ಸಾಲ ಎರಡೂ ಒಂದೇ ಅಲ್ವಾ?

ಅಲ್ಲ. ಈ ವರ್ಷದ ಖರ್ಚಿಗೆ ಈ ವರ್ಷದ ಬರವು, ಅಂದರೆ ಆದಾಯ, ಸಾಕಾಗದೇ ಹೋದರೆ ಅದು ಕೊರತೆ. ಹಾಗೆ ವರ್ಷ ವರ್ಷ ಕೂಡಿ ನಿಂತ ರಾಶಿ ಸಾಲ. ಕೊರತೆಯನ್ನು ಅರ್ಧಕ್ಕೆ ಇಳಿಸಿದರೂ ಸಾಲದ ರಾಶಿ ಬೆಳೆಯುತ್ತಲೇ ಇರುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ. "ಕೊರತೆ ಇಳಿಸಿದ್ದೇವೆ" ಅಂದರೆ ಸಾಲ ತೀರಿಸಿದ್ದೇವೆ ಎಂದು ತುಂಬಾ ಜನ ತಿಳಿಯುತ್ತಾರೆ.

ಕೊರತೆಯಲ್ಲೂ ಎರಡು ಬಗೆ ಇದೆ. ಇದನ್ನು ತಿಳಿದುಕೊಂಡರೆ ಬಜೆಟ್ ಅರ್ಧ ಅರ್ಥವಾದ ಹಾಗೆ. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ಇಂಥ ದಿನದ ಖರ್ಚಿಗೇ ಬರವು ಸಾಲದಿದ್ದರೆ ಅದು ರಾಜಸ್ವ ಕೊರತೆ. ಕಟ್ಟಡ, ನಾಲೆ, ಸೇತುವೆಯ ಖರ್ಚನ್ನೂ ಸೇರಿಸಿ, ಒಟ್ಟು ಎಷ್ಟು ಸಾಲ ಬೇಕಾಯಿತು ಅಂತ ನೋಡಿದರೆ ಅದು ವಿತ್ತೀಯ ಕೊರತೆ. 2025-26ರಲ್ಲಿ ವಿತ್ತೀಯ ಕೊರತೆ 90,428 ಕೋಟಿ, ರಾಜಸ್ವ ಕೊರತೆ 19,262 ಕೋಟಿ. ಅಂದರೆ ಹೊಸದಾಗಿ ತಂದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸುಮಾರು 79 ರೂಪಾಯಿ ಏನನ್ನೋ ಕಟ್ಟಲು ಹೋಗುತ್ತದೆ, 21 ರೂಪಾಯಿ ಮನೆ ರೇಷನ್ನಿನಂಥ ದಿನದ ಖರ್ಚಿಗೆ ಹೋಗುತ್ತದೆ.

ನನಗೆ ಚಿಂತೆ ಇರುವುದು ಆ 21 ರೂಪಾಯಿಯ ಬಗ್ಗೆ. ಕೊಳವೆಬಾವಿ ಕೊರೆಸಲು ಸಾಲ ಮಾಡಿದವನಿಗೆ ನೀರು ಸಿಕ್ಕೀತು. ಅಕ್ಕಿಗೆ ಸಾಲ ಮಾಡಿದವನಿಗೆ ಮುಂದಿನ ತಿಂಗಳು ಅಕ್ಕಿಯೂ ಬೇಕು, ಬಡ್ಡಿಯೂ ಬೇಕು.

ಬಜೆಟ್‌ನಲ್ಲಿ ಆ ವರ್ಷದ ಹೊಸ ಸಾಲ 1,16,000 ಕೋಟಿ ಅಂತ ಇದೆ. ಕೊರತೆ 90,428 ಕೋಟಿ ಅಂತೀರಿ. ಉಳಿದದ್ದು ಎಲ್ಲಿ ಹೋಯಿತು?

ಹಳೇ ಸಾಲದ ಅಸಲು ತೀರಿಸಲು. ಅದೇ ವರ್ಷ 26,474 ಕೋಟಿ ಅಸಲು ಕಟ್ಟಬೇಕಿತ್ತು. ಹೊಸ ಸಾಲ ತಂದು ಹಳೇದು ತೀರಿಸುವುದು ಎಲ್ಲ ಸರ್ಕಾರಗಳೂ ಮಾಡುವ ಕೆಲಸ. ಸಾಲ ಕೊಡುವವರಿಗೆ ನಂಬಿಕೆ ಇರುವ ತನಕ ಅದು ಸುಗಮವಾಗಿ ನಡೆಯುತ್ತದೆ.

ಈ ಸಾಲ ಕೊಡುವವರು ಯಾರು? ವಿಶ್ವಬ್ಯಾಂಕಾ?

ಬಹುಪಾಲು ಕೊಡುವವರು ನಾವೇ. ರಾಜ್ಯ ಸರ್ಕಾರ ರಿಸರ್ವ್ ಬ್ಯಾಂಕಿನ ಮೂಲಕ ಸಾಲಪತ್ರಗಳನ್ನು ಹರಾಜಿಗೆ ಇಡುತ್ತದೆ. ಬ್ಯಾಂಕುಗಳು, ಎಲ್‌ಐಸಿಯಂಥ ವಿಮಾ ಕಂಪನಿಗಳು, ಪಿಎಫ್ ನಿಧಿಗಳು ಅದನ್ನು ಕೊಳ್ಳುತ್ತವೆ. ನಿಮ್ಮ ಪಿಎಫ್ ದುಡ್ಡಿನ ಒಂದು ಪಾಲು ಯಾವುದೋ ರಾಜ್ಯದ ಸಾಲಪತ್ರದಲ್ಲಿ ಕೂತಿರುತ್ತದೆ. ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್ (ಎಡಿಬಿ) ಸಾಲವೂ ಇದೆ, ಆದರೆ ಅದು ಚಿಕ್ಕ ಪಾಲು.

"ಸಾಲ ಮನ್ನಾ ಮಾಡಿಸಿಕೊಂಡರೆ ಆಯಿತು" ಅಂತ ಒಬ್ಬ ಹುಡುಗ ತರಗತಿಯಲ್ಲಿ ಹೇಳಿದ. ಅವನ ಅಪ್ಪ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಸರ್ಕಾರ ಕೈ ಎತ್ತಿದರೆ ಮುಳುಗುವುದು ನಿನ್ನ ಅಪ್ಪನ ಪಿಎಫ್ ಕೂಡ ಅಂತ ಹೇಳಿದಾಗ ಅವನು ಸುಮ್ಮನಾದ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರಲ್ಲ, ಸರ್ಕಾರಕ್ಕೆ ಅದು ಅನ್ವಯಿಸಲ್ವಾ?

ಅರ್ಧ ಅನ್ವಯಿಸುತ್ತದೆ. ಮನೆ ಯಜಮಾನ ಒಂದು ದಿನ ದುಡಿಯುವುದು ನಿಲ್ಲಿಸುತ್ತಾನೆ, ಸಾಲ ಅಷ್ಟರೊಳಗೆ ತೀರಬೇಕು. ಸರ್ಕಾರಕ್ಕೆ ನಿವೃತ್ತಿ ಇಲ್ಲ. ಅದಕ್ಕೆ ತೆರಿಗೆ ಹಾಕುವ ಅಧಿಕಾರ ಇದೆ. ಇನ್ನೊಂದು ವಿಷಯ, ಮನೆಯವರು ಖರ್ಚು ಕಡಿಮೆ ಮಾಡಿದರೆ ಅವರ ಸಂಬಳ ಕಡಿಮೆ ಆಗುವುದಿಲ್ಲ. ಸರ್ಕಾರ ಖರ್ಚು ಕಡಿಮೆ ಮಾಡಿದರೆ ಯಾರದೋ ಸಂಬಳ, ಯಾರದೋ ಕಂಟ್ರಾಕ್ಟು, ಯಾರದೋ ಅಂಗಡಿ ವ್ಯಾಪಾರ ಬೀಳುತ್ತದೆ. ಅವರು ಕಟ್ಟುತ್ತಿದ್ದ ತೆರಿಗೆಯೂ ಬೀಳುತ್ತದೆ. ಹೀಗಾಗಿ ನೂರು ರೂಪಾಯಿ ಖರ್ಚು ಕಡಿದರೆ ಕೊರತೆ ಪೂರ್ತಿ ನೂರು ರೂಪಾಯಿ ಇಳಿಯುವುದಿಲ್ಲ.

ಇನ್ನರ್ಧ ಗಾದೆ ನಿಜ. ಬಡ್ಡಿ ಯಾರನ್ನೂ ಬಿಡುವುದಿಲ್ಲ. ಕೇಂದ್ರ ಸರ್ಕಾರವನ್ನೇ ನೋಡಿ. 2025-26ರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ ಇಟ್ಟಿತ್ತು. ಒಟ್ಟು ಖರ್ಚಿನ ನಾಲ್ಕನೇ ಒಂದು ಭಾಗ. ಆ ದುಡ್ಡಿನಿಂದ ಒಂದು ಶಾಲೆಯೂ ಏಳುವುದಿಲ್ಲ.

ಸಾಲಕ್ಕೆ ಕಾನೂನಿನ ಮಿತಿ ಇಲ್ವಾ?

ಇದೆ. ಇದರಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. 2002ರಲ್ಲೇ ನಮ್ಮ ವಿಧಾನಮಂಡಲ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ಕೇಂದ್ರ ಮಾಡಿದ್ದು 2003ರಲ್ಲಿ. ವಿತ್ತೀಯ ಕೊರತೆ ಜಿಎಸ್‌ಡಿಪಿಯ 3% ದಾಟಬಾರದು, ಒಟ್ಟು ಸಾಲ 25% ದಾಟಬಾರದು, ದಿನದ ಖರ್ಚಿಗೆ ಸಾಲ ಮಾಡಬಾರದು ಎಂಬುದು ಅದರ ತಿರುಳು. ಕೋವಿಡ್ ವರ್ಷದಲ್ಲಿ 3% ಮಿತಿಯನ್ನು 5%ಗೆ ಸಡಿಲಿಸಿದರು. ಅದು ತಪ್ಪಲ್ಲ. ಆ ವರ್ಷ ಖರ್ಚು ಹಿಡಿದಿದ್ದರೆ ಜನ ಸಾಯುತ್ತಿದ್ದರು.

2025-26ರ ಬಜೆಟ್ ನೋಡಿ. ಕೊರತೆ 2.95%, ಸಾಲ 24.91%. ಎರಡೂ ಗೆರೆಗೆ ಅಂಟಿಕೊಂಡೇ ನಿಂತಿವೆ. ಮೂರನೆಯದು, ಅಂದರೆ ದಿನದ ಖರ್ಚಿಗೆ ಸಾಲ ಬೇಡ ಎಂಬ ಮಾತು, ಆಗಲೇ ಮುರಿದಿದೆ.

ಇಲ್ಲೊಂದು ಲೆಕ್ಕ ಮಾಡಿ ನೋಡೋಣ, ಕಷ್ಟವೇನಿಲ್ಲ. ಸಾಲ 25%ನಲ್ಲೇ ನಿಲ್ಲಬೇಕು, ಪ್ರತಿ ವರ್ಷ 2.95% ಹೊಸ ಸಾಲವೂ ಬೇಕು ಅಂದರೆ, ಬೆಲೆ ಏರಿಕೆಯನ್ನೂ ಸೇರಿಸಿ ರಾಜ್ಯದ ಉತ್ಪಾದನೆ ವರ್ಷಕ್ಕೆ ಸುಮಾರು 13% ಬೆಳೆಯಬೇಕು. 10% ಮಾತ್ರ ಬೆಳೆದರೆ ಕೊರತೆ 2.3%ರ ಆಸುಪಾಸಿಗೆ ಇಳಿಯಬೇಕು. ಇಲ್ಲದಿದ್ದರೆ ಗೆರೆ ದಾಟುತ್ತೇವೆ. ಬೆಳವಣಿಗೆ ಚೆನ್ನಾಗಿದ್ದ ವರ್ಷ ಯಾರಿಗೂ ಇದು ಗೊತ್ತಾಗುವುದಿಲ್ಲ. ಒಂದು ವರ್ಷ ಮಳೆ ಕೈಕೊಟ್ಟು, ಐಟಿ ಕಂಪನಿಗಳು ನೇಮಕ ನಿಲ್ಲಿಸಿದರೆ ಗೊತ್ತಾಗುತ್ತದೆ.

ನೋಟು ಪ್ರಿಂಟ್ ಮಾಡಿದರೆ ಆಗಲ್ವಾ?

ರಾಜ್ಯಕ್ಕೆ ಆ ಅಧಿಕಾರ ಇಲ್ಲ. ಕೇಂದ್ರಕ್ಕೂ ಈಗ ಸುಲಭವಿಲ್ಲ. ಹಿಂದೆ ದುಡ್ಡು ಕಡಿಮೆ ಬಿದ್ದಾಗಲೆಲ್ಲ ಕೇಂದ್ರ ರಿಸರ್ವ್ ಬ್ಯಾಂಕಿಗೆ ಚೀಟಿ ಬರೆದುಕೊಟ್ಟು ದುಡ್ಡು ಪಡೆಯುತ್ತಿತ್ತು. 1997ರಲ್ಲಿ ಆ ಪದ್ಧತಿ ನಿಲ್ಲಿಸಿದರು. ಹಾಗೆ ಬಂದ ದುಡ್ಡು ಬೆಲೆ ಏರಿಕೆಯಾಗಿ ಬಡವರ ಬುಟ್ಟಿಗೇ ಬೀಳುತ್ತಿತ್ತು.

ಈ ಸಾಲವೆಲ್ಲ ಗ್ಯಾರಂಟಿಯಿಂದ ಆಗಿದ್ದು ಅಲ್ವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅಕ್ಕ ಕೇಳಿದ್ದೂ ಇದನ್ನೇ.

ಅಕ್ಕನ ಊರಿನ ಸರ್ಕಾರಿ ಶಾಲೆಗೆ ಎರಡು ಹೊಸ ಕೊಠಡಿ ಮಂಜೂರಾಗಿತ್ತು. ಪಾಯ ಹಾಕಿ, ಗೋಡೆ ಎಬ್ಬಿಸಿ, ಪಿಲ್ಲರ್ ನಿಲ್ಲಿಸಿದರು. ಅಲ್ಲಿಗೆ ಕೆಲಸ ನಿಂತಿತು. ಕಂಟ್ರಾಕ್ಟರ್ ಕೇಳಿದರೆ "ಎಲ್‌ಒಸಿ (ದುಡ್ಡು ಬಿಡುಗಡೆಯ ಪತ್ರ) ಬಂದಿಲ್ಲ, ಹಳೇ ಬಿಲ್ಲೇ ಪಾಸಾಗಿಲ್ಲ" ಅನ್ನುತ್ತಾರೆ. ಮೂರನೇ, ನಾಲ್ಕನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರೆ. ಅಕ್ಕನ ಮೊಮ್ಮಗಳು ಅಲ್ಲೇ ಓದುವುದು. ಊರಿನ ಅರಳಿಕಟ್ಟೆಯಲ್ಲಿ ಯಾರೋ ಅಂದರಂತೆ, ಹೆಂಗಸರಿಗೆ ಎರಡೆರಡು ಸಾವಿರ ಕೊಟ್ಟು ಶಾಲೆಗೆ ದುಡ್ಡಿಲ್ಲದ ಹಾಗಾಯಿತು ಅಂತ. ಅಕ್ಕ ನನ್ನ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೇಳಿದಳು: "ನಂಗೆ ಕೊಟ್ಟಿದ್ದಕ್ಕೇ ಸ್ಕೂಲಿನ ಮಾಳಿಗೆ ನಿಂತೋಯ್ತಂತೆ, ಹೌದೇನೋ?"

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಐದು ಗ್ಯಾರಂಟಿಗಳಿಗೆ 2025-26ರಲ್ಲಿ ಇಟ್ಟಿದ್ದು 51,034 ಕೋಟಿ. ಒಟ್ಟು ಬಜೆಟ್ 4,09,549 ಕೋಟಿ. ಎಂಟನೇ ಒಂದು ಭಾಗ. ರಾಜಸ್ವ ಕೊರತೆ 19,262 ಕೋಟಿ. ಗ್ಯಾರಂಟಿ ಇಲ್ಲದಿದ್ದರೆ ಈ ಕೊರತೆ ಇರುತ್ತಿರಲಿಲ್ಲ, ಅದು ಕೂಡಿಸಿ ಕಳೆಯುವ ಲೆಕ್ಕ. ಅದನ್ನು ಅಲ್ಲಗಳೆಯುವವರು ಜನರಿಗೆ ಪೂರ್ತಿ ಹೇಳುತ್ತಿಲ್ಲ.

ಆದರೆ ಅದೇ ಲೆಕ್ಕವನ್ನು ಬೇರೆ ಖರ್ಚಿಗೂ ಹಾಕಬಹುದು. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾಯಿತು. ಅದರ ಹೊರೆ ವರ್ಷಕ್ಕೆ ಸುಮಾರು 20 ಸಾವಿರ ಕೋಟಿ. ನನ್ನ ಸಂಬಳವೂ ಏರಿತು. ನನ್ನಿಂದ ಮಾಳಿಗೆ ನಿಂತಿತು ಅಂತ ಅರಳಿಕಟ್ಟೆಯಲ್ಲಿ ಯಾರೂ ಅನ್ನಲಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟ್ 2008ರಿಂದ ಇದೆ. ಒಬ್ಬರ ಹಕ್ಕು ಇನ್ನೊಬ್ಬರ ಕಣ್ಣಿಗೆ ದುಂದು. ಎಲ್ಲವೂ ಒಂದೇ ಖಜಾನೆಯಿಂದ ಬರುವುದು. ಯಾವ ರೂಪಾಯಿ ಮಾಳಿಗೆಯದ್ದು ಅಂತ ಗುರುತು ಹಾಕಲು ಆಗುವುದಿಲ್ಲ.

ಅಕ್ಕನ ಎರಡು ಸಾವಿರ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಗ್ಯಾಸ್ ಸಿಲಿಂಡರ್, ಮೊಮ್ಮಗಳ ನೋಟ್‌ಬುಕ್, ಉಳಿದದ್ದು ಸಂಘದ ಕಂತು. ಶುಗರ್ ಚೆಕ್ ಮಾಡಿಸಲು ತಾಲ್ಲೂಕು ಆಸ್ಪತ್ರೆಗೆ ಸೊನ್ನೆ ಟಿಕೆಟ್‌ನಲ್ಲಿ ಹೋಗಿಬರುತ್ತಾಳೆ. ಮೊದಲು ಬಸ್ ಚಾರ್ಜಿಗೆ ಹೆದರಿ ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಇದನ್ನು ಪೋಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಯೋಜನೆ ಇರಲಿ, ಕೊಡುವ ಕೈ ಸ್ವಲ್ಪ ನೋಡಿ ಕೊಡಲಿ. ಎರಡು ಕಾರು ಇರುವ ಮನೆಗೂ ಗೃಹಜ್ಯೋತಿ ಬೇಕಾ? ಬೇಡ ಅನ್ನುವುದು ಸುಲಭ. ಆದರೆ ಪಟ್ಟಿಯಿಂದ ತೆಗೆಯಲು ಶುರು ಮಾಡಿದರೆ ಮೊದಲು ಹೊರಬೀಳುವವರು ಕಾರಿನವರಲ್ಲ. ಆಧಾರ್‌ನಲ್ಲಿ ಹೆಸರು ತಪ್ಪಾದ ಮುದುಕಿ. ಅದನ್ನು ತಡೆಯುವ ದಾರಿ ಮೊದಲು ಇಟ್ಟುಕೊಂಡೇ ಪಟ್ಟಿಗೆ ಕೈ ಹಾಕಬೇಕು.

ಹಾಗಾದರೆ ಖರ್ಚು ಎಲ್ಲಿ ಕಡಿಯುವುದು?

ಕಾಗದದ ಮೇಲೆ ಬೇಕಾದಷ್ಟು ಜಾಗ ಕಾಣುತ್ತದೆ. ನಿಜವಾಗಿ ಕೈ ಹಾಕಲು ಹೋದರೆ ಜಾಗ ಇಲ್ಲ. ಸಂಬಳ ನಿಲ್ಲಿಸಲಾಗದು, ಪಿಂಚಣಿ ನಿಲ್ಲಿಸಲಾಗದು, ಬಡ್ಡಿ ತಪ್ಪಿಸಲಾಗದು. ಇವಕ್ಕೆ ಬದ್ಧ ವೆಚ್ಚ ಅನ್ನುತ್ತಾರೆ. ಗ್ಯಾರಂಟಿ ನಿಲ್ಲಿಸಿದರೆ ಸರ್ಕಾರವೇ ಉಳಿಯುವುದಿಲ್ಲ. ಹೀಗೆ ಕಳೆಯುತ್ತಾ ಹೋದರೆ ಕೊನೆಗೆ ಕತ್ತರಿಗೆ ಸಿಗುವುದು ಬಾಯಿ ಇಲ್ಲದ ಖರ್ಚು. ಕಟ್ಟದೇ ಇರುವ ಕೊಠಡಿ ಧರಣಿ ಕೂರುವುದಿಲ್ಲ. ಹೂಳು ತೆಗೆಯದ ಕೆರೆ ಅರ್ಜಿ ಕೊಡುವುದಿಲ್ಲ.

ಇನ್ನೊಂದು ಮೂಕ ಕಡಿತ ನನ್ನ ಕಣ್ಣೆದುರೇ ಇದೆ. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ. ಒಬ್ಬರು ನಿವೃತ್ತರಾದರೆ ಆ ಕುರ್ಚಿ ಹಾಗೇ ಉಳಿಯುತ್ತದೆ. ಬಜೆಟ್ ಪುಸ್ತಕದಲ್ಲಿ ಅದು ಉಳಿತಾಯ. ಕಾಲೇಜಿನಲ್ಲಿ ಅದು ಅತಿಥಿ ಉಪನ್ಯಾಸಕ. ನನ್ನ ಪಕ್ಕದ ಮೇಜಿನಲ್ಲಿ ಕೂರುವ ಅತಿಥಿ ಉಪನ್ಯಾಸಕರು ನನ್ನಷ್ಟೇ ಪಾಠ ಮಾಡುತ್ತಾರೆ. ಅವರಿಗೆ ಬರುವುದು ನನ್ನ ಸಂಬಳದ ಸಣ್ಣ ಪಾಲು. ಅದೂ ಎಷ್ಟೋ ಸಲ ಮೂರು ತಿಂಗಳು ಸೇರಿಸಿ. ಮಧ್ಯೆ ಅವರು ಕೈಸಾಲ ಮಾಡುತ್ತಾರೆ. ಅಂದರೆ ಸರ್ಕಾರ ಮಾಡಬೇಕಾದ ಸಾಲವನ್ನು ಅವರು ತಮ್ಮ ಹೆಸರಿನಲ್ಲಿ, ದುಬಾರಿ ಬಡ್ಡಿಗೆ ಮಾಡುತ್ತಿದ್ದಾರೆ. ಬಿಲ್ ಪಾಸಾಗದ ಸಣ್ಣ ಕಂಟ್ರಾಕ್ಟರ್ ಕಥೆಯೂ ಇದೇ. ಕೊರತೆ ಕಡಿಮೆ ಆಗಲಿಲ್ಲ, ಇನ್ನೊಬ್ಬರ ಮನೆಗೆ ಹೋಯಿತು.

ಕೊರತೆ ಇಳಿಸುವ ಮಾತು ಬಂದಾಗ ನಾನು ಮೊದಲು ಕೇಳುವುದು ಅದಕ್ಕೇ: ಎಷ್ಟು ಇಳಿಸಿದಿರಿ ಅಂತಲ್ಲ, ಯಾರ ಮೇಲೆ ಇಳಿಸಿದಿರಿ ಅಂತ.

ತೆರಿಗೆ ಜಾಸ್ತಿ ಮಾಡಬಹುದಲ್ವಾ? ಶ್ರೀಮಂತರಿಗೆ?

ಮಾಡಬಹುದಿತ್ತು, ಆದರೆ ಆ ಕೀಲಿಕೈ ರಾಜ್ಯದ ಬಳಿ ಇಲ್ಲ. ಆದಾಯ ತೆರಿಗೆ ಕೇಂದ್ರದ್ದು. ಜಿಎಸ್‌ಟಿ ದರ ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ವೃತ್ತಿ ತೆರಿಗೆಗೆ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿ ಮಿತಿ ಹಾಕಿದೆ. ತಿಂಗಳಿಗೆ ಐದು ಲಕ್ಷ ಸಂಬಳ ತೆಗೆದುಕೊಳ್ಳುವವರೂ ಅದಕ್ಕಿಂತ ಜಾಸ್ತಿ ಕಟ್ಟಬೇಕಿಲ್ಲ. ರಾಜ್ಯದ ಕೈಯಲ್ಲಿ ಉಳಿದದ್ದು ಪೆಟ್ರೋಲ್, ಡೀಸೆಲ್, ಮದ್ಯ, ವಾಹನ, ಆಸ್ತಿ ನೋಂದಣಿ.

ಅಲ್ಲೆಲ್ಲ ಆಗಲೇ ಏರಿಸಿದ್ದಾರೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಏರಿತು, ಡೀಸೆಲ್ ಅದಕ್ಕಿಂತ ಸ್ವಲ್ಪ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮತ್ತೆ ಸುಮಾರು 2 ರೂಪಾಯಿ ಏರಿತು. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ 1%ರಿಂದ 2% ಆಯಿತು. ಹಾಲಿನ ಬೆಲೆ 4 ರೂಪಾಯಿ ಏರಿದ್ದನ್ನೂ ಜನ ಇದೇ ಪಟ್ಟಿಗೆ ಸೇರಿಸುತ್ತಾರೆ. ಅದು ಖಜಾನೆಗೆ ಹೋಗುವ ದುಡ್ಡಲ್ಲ, ಹಾಲು ಒಕ್ಕೂಟಗಳ ಲೆಕ್ಕ. ಅದನ್ನು ಬೇರೆ ಇಡಬೇಕು.

ಡೀಸೆಲ್ ಮೇಲಿನ ತೆರಿಗೆ ಟೊಮೆಟೊ ಲಾರಿಯ ಬಾಡಿಗೆಯಾಗಿ ಅಕ್ಕನ ಚೀಲಕ್ಕೆ ವಾಪಸ್ ಬರುತ್ತದೆ. ಮದ್ಯದ ಮೇಲಿನ ತೆರಿಗೆ ಬಗ್ಗೆ ನನಗೆ ಇನ್ನೂ ಸಂಕಟ. 2025-26ರಲ್ಲಿ ಅಬಕಾರಿಯಿಂದ 40,000 ಕೋಟಿ ತರುವ ಗುರಿ ಇತ್ತು. ಗ್ಯಾರಂಟಿ ಖರ್ಚಿನ ಮುಕ್ಕಾಲಿಗಿಂತ ಜಾಸ್ತಿ. ಕೂಲಿ ಮಾಡುವ ಗಂಡನ ಜೇಬಿನಿಂದ ಹೋದದ್ದರಲ್ಲಿ ಒಂದು ಪಾಲು ಹೆಂಡತಿಯ ಖಾತೆಗೆ ಬಂದು ಬೀಳುತ್ತದೆ. ಮಧ್ಯೆ ಅವನ ಆರೋಗ್ಯ ಹೋಯಿತು. ಈ ಬರವನ್ನು ನೆಚ್ಚಿಕೊಂಡ ಸರ್ಕಾರಕ್ಕೆ ಕುಡಿತ ಕಡಿಮೆ ಮಾಡಿಸುವ ಮನಸ್ಸು ಹೇಗೆ ಬಂದೀತು?

ಕೇಂದ್ರ ನಮ್ಮ ಪಾಲು ಕೊಟ್ಟರೆ ಸಾಲವೇ ಬೇಡ ಅಂತಾರಲ್ಲ?

ನಮ್ಮ ಪಾಲು ಕಡಿಮೆ ಆಗಿದ್ದು ನಿಜ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕಕ್ಕೆ 14ನೇ ಹಣಕಾಸು ಆಯೋಗ 4.713% ಕೊಟ್ಟಿತ್ತು. 15ನೆಯದು ಅದನ್ನು 3.647%ಗೆ ಇಳಿಸಿತು. ಅದರ ಮೇಲೆ, ಜಿಎಸ್‌ಟಿಯಿಂದ ಆದ ತೆರಿಗೆ ನಷ್ಟಕ್ಕೆ ರಾಜ್ಯಗಳಿಗೆ ಕೊಡುತ್ತಿದ್ದ ಪರಿಹಾರವೂ 2022ರ ಜೂನ್‌ಗೆ ಮುಗಿಯಿತು. 2024ರ ಫೆಬ್ರವರಿಯಲ್ಲಿ ಇದೇ ವಿಷಯಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತು ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆ ದೂರು ನ್ಯಾಯವಾದದ್ದು ಅಂತಲೇ ನನ್ನ ನಂಬಿಕೆ. ಬಿಹಾರ, ಉತ್ತರ ಪ್ರದೇಶದ ಬಡ ಮಕ್ಕಳಿಗೆ ಹೆಚ್ಚು ಸಿಗಬೇಕು ಎಂಬುದೂ ನ್ಯಾಯವೇ. ಎರಡು ನ್ಯಾಯಗಳು ಎದುರುಬದುರು ನಿಂತಿವೆ. ಅದಕ್ಕೇ ಜಗಳ ಮುಗಿಯುವುದಿಲ್ಲ.

ಕೇಂದ್ರ ತನ್ನ ಕೊರತೆಯನ್ನು ಹೇಗೆ ಇಳಿಸಿತು ಅಂತಲೂ ನೋಡಿ. 2020-21ರಲ್ಲಿ ಅದು ಜಿಡಿಪಿಯ 9.2% ಇತ್ತು. 2025-26ಕ್ಕೆ 4.4% ಗುರಿ ಇಟ್ಟರು. ಐದು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ, ರಸ್ತೆ ರೈಲಿನ ಬಂಡವಾಳ ವೆಚ್ಚ ಕಡಿಯದೆ. ಅದು ಸಣ್ಣ ಕೆಲಸವಲ್ಲ. ಕೋವಿಡ್ ಕಾಲದ ಖರ್ಚು ಇಳಿಯಿತು, ತೆರಿಗೆ ಬರವು ಏರಿತು, 2025ರಲ್ಲಿ ರಿಸರ್ವ್ ಬ್ಯಾಂಕ್ ತನ್ನ ಹೆಚ್ಚುವರಿ ಹಣದಿಂದ ಒಂದೇ ಕಂತಿನಲ್ಲಿ 2,68,590 ಕೋಟಿ ಕೊಟ್ಟಿತು. ಜೊತೆಗೆ, ಉದ್ಯೋಗ ಖಾತ್ರಿಗೆ 2024-25, 2025-26 ಎರಡು ವರ್ಷವೂ ಅದೇ 86,000 ಕೋಟಿ ಇಟ್ಟರು. ಕೂಲಿ ದರ ಏರುವಾಗ ದುಡ್ಡು ಅಷ್ಟೇ ಇದ್ದರೆ ಕೆಲಸದ ದಿನ ಕಡಿಮೆಯಾಗುತ್ತದೆ. ಅಲ್ಲೂ ಭಾರ ಬಿದ್ದದ್ದು ಬಾಯಿ ಇಲ್ಲದವರ ಮೇಲೆ.

ಜನರಿಗೆ ನೋವಾಗದ ಹಾಗೆ ಕೊರತೆ ಇಳಿಸಿದ ಉದಾಹರಣೆ ಇದೆಯಾ?

ನೋವೇ ಇಲ್ಲದ್ದು ಇಲ್ಲ. ನೋವನ್ನು ಸಣ್ಣ ಸಣ್ಣದಾಗಿ ಹಂಚಿದ್ದು ಇದೆ. 1991ರ ಜುಲೈಯಲ್ಲಿ ದೇಶ ಚಿನ್ನ ಅಡವಿಟ್ಟ ಹೊತ್ತಿನಲ್ಲಿ ಹಣಕಾಸು ಮಂತ್ರಿ ಮನಮೋಹನ್ ಸಿಂಗ್ ಗೊಬ್ಬರದ ಬೆಲೆಯನ್ನು ಒಂದೇ ಏಟಿಗೆ 40% ಏರಿಸಿದರು. ಗಲಾಟೆ ಎದ್ದಿತು. ಕೆಲವೇ ದಿನದಲ್ಲಿ 30%ಗೆ ಇಳಿಸಿ, ಸಣ್ಣ ರೈತರನ್ನು ಬಿಡಬೇಕಾಯಿತು.

2013ರ ಜನವರಿಯಲ್ಲಿ ಡೀಸೆಲ್ ಸಬ್ಸಿಡಿ ತೆಗೆಯುವಾಗ ಬೇರೆ ದಾರಿ ಹಿಡಿದರು. ತಿಂಗಳಿಗೆ ಲೀಟರಿಗೆ 50 ಪೈಸೆ, ಅಷ್ಟೇ. ಸರ್ಕಾರ ಬದಲಾದರೂ ಅದು ನಿಲ್ಲಲಿಲ್ಲ. 2014ರ ಅಕ್ಟೋಬರ್ ಹೊತ್ತಿಗೆ ಸಬ್ಸಿಡಿಯೇ ಇಲ್ಲವಾಯಿತು. ನಮ್ಮ ಊರಿನ ಟ್ರ್ಯಾಕ್ಟರ್ ಮಾಲೀಕರು ಬಾಡಿಗೆಯನ್ನು ಆಗಾಗ ಸ್ವಲ್ಪ ಸ್ವಲ್ಪ ಏರಿಸಿಕೊಂಡರು. ಬೇಕಾದಷ್ಟು ಗೊಣಗಾಟ ಇತ್ತು, ರಸ್ತೆ ತಡೆ ಆಗಲಿಲ್ಲ. ಆಮೇಲೆ ಕಚ್ಚಾ ತೈಲ ಅಗ್ಗವಾದಾಗ ಕೇಂದ್ರ ಸುಂಕ ಏರಿಸಿ ಆ ಲಾಭವನ್ನು ತಾನೇ ಇಟ್ಟುಕೊಂಡಿತು. ಅದು ಜನರಿಗೆ ಮಾಡಿದ ಅನ್ಯಾಯ ಅಂತಲೇ ನಾನು ತಿಳಿದಿದ್ದೇನೆ. ಏರುವಾಗ ಹಂಚಿಕೊಂಡವರಿಗೆ ಇಳಿಯುವಾಗಲೂ ಪಾಲು ಸಿಗಬೇಕಿತ್ತು.

ಒಂದೇ ಸಲ ಬಿಗಿ ಮಾಡಿ ಮುಗಿಸಿಬಿಟ್ಟರೆ?

ಗ್ರೀಸ್ ಹಾಗೆ ಮಾಡಬೇಕಾಯಿತು. 2010ರಿಂದ ಸಾಲ ಕೊಟ್ಟವರ ಷರತ್ತಿನಂತೆ ಸಂಬಳ, ಪಿಂಚಣಿ ಮತ್ತೆ ಮತ್ತೆ ಕಡಿದರು, ತೆರಿಗೆ ಏರಿಸಿದರು. ದೇಶದ ಉತ್ಪಾದನೆಯೇ ಸುಮಾರು ಕಾಲುಭಾಗ ಕುಸಿಯಿತು. 2013ರಲ್ಲಿ ದುಡಿಯಲು ಬಯಸುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ನಿರುದ್ಯೋಗಿ. ಇಷ್ಟೆಲ್ಲ ಆದ ಮೇಲೆ ಸಾಲ ಕಡಿಮೆ ಆಯಿತಾ? ಜಿಡಿಪಿಗೆ ಹೋಲಿಸಿದರೆ ಇನ್ನೂ ಏರಿತು. ಸಾಲ ಅಲ್ಲೇ ಇದ್ದು ದುಡಿಮೆ ಕುಗ್ಗಿದರೆ ಹಾಗೇ ಆಗುವುದು.

ಕಾಯುತ್ತಾ ಕೂತವರ ಗತಿಯನ್ನೂ ನೋಡಿದ್ದೇವೆ. ಶ್ರೀಲಂಕಾ 2019ರ ಕೊನೆಯಲ್ಲಿ ವಸ್ತುಗಳ ಮೇಲಿನ ವ್ಯಾಟ್ ತೆರಿಗೆಯನ್ನು 15%ರಿಂದ 8%ಗೆ ಇಳಿಸಿತು. ಜನ ಖುಷಿಪಟ್ಟರು, ಬರವು ಬಿತ್ತು. ಮೇಲೆ ಕೋವಿಡ್ ಬಂದು ಪ್ರವಾಸಿಗರು ನಿಂತರು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟಲಾಗುವುದಿಲ್ಲ ಎಂದು ಹೇಳಿಬಿಟ್ಟಿತು. ಆಮೇಲೆ ಪೆಟ್ರೋಲ್ ಕ್ಯೂ, ಔಷಧಿ ಇಲ್ಲದ ಆಸ್ಪತ್ರೆ. ಆಗ ಮಾಡುವ ಕಡಿತದಲ್ಲಿ ಯಾರನ್ನು ಬಿಡಬೇಕು, ಯಾರನ್ನು ಹಿಡಿಯಬೇಕು ಅಂತ ಆರಿಸುವ ಅವಕಾಶವೇ ಉಳಿದಿರುವುದಿಲ್ಲ.

ಕರ್ನಾಟಕ ಇವೆರಡರ ಹತ್ತಿರವೂ ಇಲ್ಲ. ನಮಗೆ ಇನ್ನೂ ಆರಿಸುವ ಹೊತ್ತಿದೆ.

ಲೆಕ್ಕಕ್ಕೆ ಬರದ ಸಾಲವೂ ಇರುತ್ತದಂತೆ?

ಇರುತ್ತದೆ. ನೀರಾವರಿ ನಿಗಮ ತನ್ನ ಹೆಸರಿನಲ್ಲಿ ಸಾಲ ಮಾಡುತ್ತದೆ, ತೀರಿಸುವುದು ಸರ್ಕಾರ. ವಿದ್ಯುತ್ ಕಂಪನಿಗೆ ಕೊಡಬೇಕಾದ ಸಬ್ಸಿಡಿ ಬಾಕಿ ಇಟ್ಟರೆ ಕಂಪನಿ ಸಾಲ ಮಾಡುತ್ತದೆ. 2022ರಿಂದ ಇಂಥ ಸಾಲವನ್ನೂ ರಾಜ್ಯದ ಮಿತಿಯೊಳಗೇ ಎಣಿಸುತ್ತೇವೆ ಎಂದು ಕೇಂದ್ರ ಹೇಳಿದೆ. ಕೇರಳ ಇದಕ್ಕೆ ವಿರೋಧ ಮಾಡಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರವೂ ಹಿಂದೆ ಆಹಾರ ನಿಗಮಕ್ಕೆ ಸಬ್ಸಿಡಿ ಕೊಡುವ ಬದಲು ಸಣ್ಣ ಉಳಿತಾಯ ನಿಧಿಯಿಂದ ಸಾಲ ಕೊಡಿಸಿ, ಕೊರತೆ ಕಡಿಮೆ ಕಾಣುವ ಹಾಗೆ ಮಾಡಿತ್ತು. 2020-21ರಲ್ಲಿ ಅದನ್ನು ಬಜೆಟ್ಟಿಗೇ ತಂದು ತೀರಿಸಿದರು. ಒಳ್ಳೆಯ ಕೆಲಸ ಅದು.

ಬಜೆಟ್ ಬಂದ ದಿನ ಸಾಮಾನ್ಯರು ಏನು ನೋಡಬೇಕು?

ಟಿವಿಯಲ್ಲಿ ತೋರಿಸುವ ಒಟ್ಟು ಸಾಲ ಬಿಡಿ. ರಾಜಸ್ವ ಕೊರತೆ ಹೋದ ವರ್ಷಕ್ಕಿಂತ ಏರಿತಾ ಇಳಿಯಿತಾ ನೋಡಿ. 2024-25ರ ಬಜೆಟ್‌ನಲ್ಲಿ ಅದು 27,354 ಕೋಟಿ ಇತ್ತು, 2025-26ಕ್ಕೆ 19,262 ಕೋಟಿ. ದಿಕ್ಕು ಸರಿ ಇದೆ. ಆಮೇಲೆ ಬಂಡವಾಳ ವೆಚ್ಚ ನೋಡಿ. 71,336 ಕೋಟಿ ಅಂತ ಬರೆದದ್ದು ವರ್ಷದ ಕೊನೆಗೆ ನಿಜಕ್ಕೂ ಖರ್ಚಾಯಿತಾ ಅಂತ ಮುಂದಿನ ಬಜೆಟ್ ಪುಸ್ತಕದ ಪರಿಷ್ಕೃತ ಅಂದಾಜಿನ ಕಾಲಂನಲ್ಲಿ ಸಿಗುತ್ತದೆ. ಅಲ್ಲಿ ಅಂಕಿ ಕುಗ್ಗಿದ್ದರೆ ಯಾವುದೋ ಊರಿನಲ್ಲಿ ಕೆಲಸ ನಿಂತಿದೆ ಅಂತ ಅರ್ಥ.

ಈ ದೀಪಾವಳಿಗೆ ಊರಿಗೆ ಹೋದಾಗ ಶಾಲೆ ಹತ್ತಿರ ಹೋಗಿ ನೋಡಿದೆ. ಪಿಲ್ಲರ್ ಮೇಲಿನಿಂದ ಕಬ್ಬಿಣದ ಸರಳು ಆಕಾಶಕ್ಕೆ ಚಾಚಿಕೊಂಡಿವೆ. ತುಕ್ಕು ಹಿಡಿಯದಿರಲಿ ಅಂತ ಯಾರೋ ಅದಕ್ಕೆ ಸಿಮೆಂಟ್ ಹಾಲು ಬಳಿದಿದ್ದಾರೆ. ಮಳೆಗೆ ಅದೂ ಅಲ್ಲಲ್ಲಿ ಎದ್ದು ಹೋಗಿದೆ. ಕೆಲಸ ಮತ್ತೆ ಶುರುವಾದರೆ ಹಳೇ ದರಕ್ಕೆ ಆಗುವುದಿಲ್ಲ, ಹೊಸ ಎಸ್ಟಿಮೇಟ್ ಬೇಕು ಅಂತ ಮೇಸ್ತ್ರಿ ಹೇಳಿದರು. ಆ ಹೆಚ್ಚಿನ ದುಡ್ಡು ಯಾವ ಸಾಲದ ಪಟ್ಟಿಯಲ್ಲೂ ಇಲ್ಲ. ಅಕ್ಕನ ಮೊಮ್ಮಗಳು ಈಗ ನಾಲ್ಕನೇ ತರಗತಿ. ಕೋಣೆ ಅದೇ. ಈ ಸಲ ಅವಳು ಕಿಟಕಿ ಕಡೆಗೆ ಮುಖ ಮಾಡಿ ಕೂರುತ್ತಾಳೆ.